ಹಾವಿನ ಹಳ್ಳದ ಆಚೆ ದಡ

ಲುಝಾನಿ ಹಳ್ಳಿ, ಪಾರ್ದುಬಿತ್ಸೆ ಹತ್ತಿರ
ಸೆಪ್ಟೆಂಬರ್ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಸ್ಲಾವೆಕ್‌ಗೆ ಅತ್ತಿಗೆ ಬ್ಲಾಝೆನಾಳ ಆಶೀರ್ವಾದಗಳು. ನಾನು ಕ್ಷೇಮ, ನಿಮ್ಮಮ್ಮ ಕ್ಷೇಮ, ಕುದುರೆ ಯಿಸ್ಕ್ರಾ ನಮ್ಮಿಬ್ಬರಿಗಿಂತ ಕ್ಷೇಮ. ನೀನು ಹೇಗಿದ್ದೀಯೋ ಆ ಕಾಡಿಗೇ ಗೊತ್ತು.

ಇಷ್ಟು ತಿಂಗಳು ಬರೆಯದೇ ಇದ್ದದ್ದಕ್ಕೆ ಬೇಸರಿಸಬೇಡಪ್ಪ ಎಂದು ಮೊದಲು ಒಂದು ಹಾಳೆ ಬರೆದಿದ್ದೆ. ಅದನ್ನು ಹರಿದು ಒಲೆಗೆ ಹಾಕಿದೆ. ನಾನ್ಯಾಕೆ ಕ್ಷಮೆ ಕೇಳಲಿ? ಅಣ್ಣನ ಮಣ್ಣು ಮುಗಿಸಿ, ಊಟಕ್ಕೂ ಕೂರದೆ, ವಿಳಾಸವನ್ನೂ ಕೊಡದೆ ಓಡಿಹೋದವನು ನೀನು. ನಿನ್ನ ಪಾಲಿನ ಊಟವನ್ನು ಕುಬಾತ್ ಮುದುಕ ತಿಂದ. ಕುದುರೆ ಪಳಗಿಸುವವರಿಗೆ ದುಃಖದಲ್ಲೂ ಹಸಿವು ಜಾಸ್ತಿ ಅಂತ ಕಾಣುತ್ತದೆ.

ವಿಳಾಸ ಹೇಗೆ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಡ. ನೀನು ಹೆಸರು ಬರೆಯದೆ ಕಳಿಸಿದ ಒಣ ಅಣಬೆಯ ಪೊಟ್ಟಣದ ಮೇಲೆ ಅಂಚೆಯ ಮುದ್ರೆ ಇತ್ತು. ನಮ್ಮ ಅಂಚೆಯ ವ್ರಾನೊವಾ ಅಕ್ಕ ಆ ಊರಿನ ಅಂಚೆ ಕಚೇರಿಗೆ ಫೋನ್ ಮಾಡಿ, "ಕುದುರೆ ಕಟ್ಟಿ ಮರ ಎಳೆಸೋ ಉದ್ದ ಮೂಗಿನವನು ಯಾರಾದ್ರೂ ಇದ್ದಾನಾ? ಮಾತು ಕಮ್ಮಿ" ಅಂತ ಕೇಳಿದಳು. ಆ ಕಡೆಯವಳು, "ಇದ್ದಾನೆ ಇದ್ದಾನೆ, ಕುದುರೆ ಜೊತೆ ಮಾತ್ರ ಮಾತಾಡ್ತಾನೆ, ನಮ್ಮ ಜೊತೆ ಗೊಣಗ್ತಾನೆ" ಅಂದಳಂತೆ. ನೀನೇ ಅಂತ ಖಾತ್ರಿಯಾಯಿತು.

ಆ ಅಣಬೆಯ ಕಥೆ ಕೇಳು. ಪೊಟ್ಟಣ ಬಂದ ದಿನ ನಿಮ್ಮಮ್ಮ ಮೂಸಿ ನೋಡಿ, "ಒಣಗಿಸೋಕೂ ಬರಲ್ಲ ಇವನಿಗೆ" ಅಂತ ಮೇಲಿನ ಅಟ್ಟಕ್ಕೆ ಎಸೆದರು. ಬೇಸಿಗೆಯೆಲ್ಲ ಅದು ಅಲ್ಲೇ ಬಿದ್ದಿತ್ತು. ಹೋದ ವಾರ ಶನಿವಾರ ನಾನು ಕೋಳಿಗೆ ಕಾಳು ಹಾಕಿ ಬಂದು ನೋಡಿದರೆ ಅಡುಗೆಮನೆ ತುಂಬ ಘಮಘಮ. ಆಲೂಗಡ್ಡೆ ಸಾರಿಗೆ ನಿನ್ನ ಅಣಬೆ ಬಿದ್ದಿದೆ! ನಾನು ಏನೂ ಕಾಣದವಳ ಹಾಗೆ ತಟ್ಟೆ ಇಟ್ಟೆ. ನಿಮ್ಮಮ್ಮ ಎರಡು ಸಲ ಬಡಿಸಿಕೊಂಡು, ಚಮಚ ನೆಕ್ಕಿ, "ಉಪ್ಪು ಜಾಸ್ತಿ ಆಯ್ತು" ಅಂದರು. ಕಣ್ಣಲ್ಲಿ ನೀರಿತ್ತು. ಉಪ್ಪು ಸರಿಯಾಗೇ ಇತ್ತು.

ಅವರು ನಿನ್ನನ್ನು ಕೇಳಿದ ಮಾತು ನಿನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿರುವುದು ನನಗೆ ಗೊತ್ತು. ಅಣ್ಣನ ಶವಪೆಟ್ಟಿಗೆಯ ಪಕ್ಕ, ಊರವರೆಲ್ಲ ಟೋಪಿ ಕೈಯಲ್ಲಿ ಹಿಡಿದು ನಿಂತಿರುವಾಗ, "ನೀನೇ ತಾನೇ ಅವನನ್ನ ಮತ್ತೆ ಕುದುರೆ ಹತ್ತಿಸಿದ್ದು?" ಅಂದುಬಿಟ್ಟರು. ನೀನು "ಹೌದಮ್ಮ" ಅಂದೆ. ಅಷ್ಟೇ ಅಂದು, ಮಣ್ಣು ಮುಗಿದದ್ದೇ ಹೊರಟುಬಿಟ್ಟೆ. ನಾನಾದರೂ ತಡೆಯಬೇಕಿತ್ತು, ಆದರೆ ಆವತ್ತು ನನಗೆ ನನ್ನ ಕಾಲೇ ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಇರಲಿ, ಬೇರೆ ಸುದ್ದಿ ಹೇಳುತ್ತೇನೆ. ಪ್ಲಮ್ ಈ ವರ್ಷ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ಕಡುಬು ಮಾಡಿ ಮಾಡಿ ಕೈ ಸೋತಿತು, ತಿನ್ನುವವರಿಲ್ಲ. ಅಣ್ಣತಮ್ಮ ನೀವಿಬ್ಬರೂ ಪಂದ್ಯ ಕಟ್ಟಿ ತಿಂದು, ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಜಗಳವಾಡುತ್ತಿದ್ದದ್ದು ನೆನಪಾಯಿತು. ಬಸ್ಸು ನಿಲ್ಲುವಲ್ಲಿ ಹೊಸ ತಗಡಿನ ಸೂರು ಹಾಕಿದ್ದಾರೆ. ಬೆಂಚೂ ಇದೆ. ಹಿಂದೆ ಮಳೆ ಬಂದರೆ ನೆನೆದು ತೊಪ್ಪೆಯಾಗಬೇಕಿತ್ತಲ್ಲ, ಈಗ ರಾಜರ ಹಾಗೆ ಕೂರಬಹುದು.

ನಿಮ್ಮಣ್ಣ ಯಾರ್ಮಿಲ್ ನನಗೆ ಮೊದಲು ಕಂಡದ್ದು ಅಲ್ಲೇ, ನಿನಗೆ ಗೊತ್ತು. ನಾನಾಗ ಪೆರ್ನೀಕ್ ಬಿಸ್ಕತ್ತಿನ ಕಾರ್ಖಾನೆಯ ಹುಡುಗಿ. ಕೂದಲೆಲ್ಲ ಲವಂಗದ ವಾಸನೆ. ಗೆಳತಿಗಾಗಿ ಮಳೆಯಲ್ಲಿ ಕಾಯುತ್ತ ನಿಂತಿದ್ದೆ. ಇವನು ಕುದುರೆ ಲದ್ದಿಯ ಬೂಟು ಹಾಕಿಕೊಂಡು ಬಂದು, ದೊಡ್ಡ ಮನುಷ್ಯನ ಹಾಗೆ ಟೋಪಿ ತೆಗೆದು, "ಯಾರಿಗಾದ್ರೂ ಕಾಯ್ತಾ ಇದ್ದೀರಾ ಮೇಡಂ?" ಅಂದ. ಪೀಡೆ ತೊಲಗಲಿ ಅಂತ ನಾನು, "ಹೌದು, ನನ್ನ ಗಂಡನಿಗೆ" ಅಂದೆ. ಅವನು ಒಂದು ಚೂರೂ ಅಲ್ಲಾಡದೆ, "ಬರ್ತಾನೆ ಬಿಡಿ, ದಾರೀಲಿದ್ದಾನೆ" ಅಂತ ಹೇಳಿ ನನ್ನ ಪಕ್ಕದಲ್ಲೇ ನಿಂತುಕೊಂಡ. ಬಡ್ಡಿಮಗ! ನನಗೆ ನಗು ತಡೆಯಲಾಗಲಿಲ್ಲ.

ಮದುವೆಯಾದ ಮೇಲೂ ಆ ಆಟ ಬಿಡಲಿಲ್ಲವಲ್ಲ ಅವನು. ಸಂತೆಯಲ್ಲಿ, ಮಾಂಸದಂಗಡಿಯ ಸಾಲಿನಲ್ಲಿ, ಒಮ್ಮೆ ಇಗರ್ಜಿಯ ಮೆಟ್ಟಿಲ ಮೇಲೆ ಪಾದ್ರಿಯ ಎದುರೇ ಶುರುಮಾಡಿದ. ಅವನು ಕೇಳಬೇಕು, ನಾನು ಹೇಳಬೇಕು, ಕೊನೆಗೆ ಅವನು ಆ ಮಾತು ಅನ್ನಬೇಕು. ನಾನು ಎಷ್ಟು ಕೋಪ ಮಾಡಿಕೊಂಡಿದ್ದರೂ, ಮೂರನೆಯ ಮಾತು ಬರುವ ಹೊತ್ತಿಗೆ ಮುಖ ಸಡಿಲವಾಗುತ್ತಿತ್ತು. ನೀನು ಪಕ್ಕದಲ್ಲಿ ನಿಂತು, "ನಿಮ್ಮಿಬ್ಬರಿಗೂ ಬುದ್ಧಿ ಯಾವಾಗ ಬರುತ್ತೆ?" ಅಂತ ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದೆ. ಈಗ ಆ ಹೊಸ ಬೆಂಚಿನ ಮೇಲೆ ಕೂರಲು ನನಗೆ ಮನಸ್ಸಾಗುವುದಿಲ್ಲ. ನಿಂತೇ ಇರುತ್ತೇನೆ.

ವೆಲ್ಕಾ ಪಾರ್ದುಬಿತ್ಸ್ಕಾ, ಬೇಲಿ ಹಳ್ಳ ಹಾರಿಸುವ ನಮ್ಮ ದೊಡ್ಡ ಕುದುರೆ ಓಟ, ಮತ್ತೆ ಬಂತು, ಸ್ಲಾವೆಕ್. ಅಕ್ಟೋಬರ್ ಎರಡನೆಯ ಭಾನುವಾರ. ಪೇಟೆಯ ಗೋಡೆಗಳ ಮೇಲೆ ಚಿತ್ರ ಅಂಟಿಸಿದ್ದಾರೆ. ಕುದುರೆ ಬೇಲಿ ಹಾರುತ್ತಿದೆ, ಸವಾರ ನಗುತ್ತಿದ್ದಾನೆ. ವೆಲ್ಕಾದಲ್ಲಿ ಯಾವ ಸವಾರ ನಕ್ಕಿದ್ದನ್ನು ಆ ಚಿತ್ರ ಬರೆದವನು ನೋಡಿದನೋ!

ಹೋದ ವರ್ಷದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ಆವತ್ತು ಅಲ್ಲಿ ನೀನೊಬ್ಬನೇ ನಿಂತಿದ್ದೆ ಅನ್ನುವ ಹಾಗೆ ನೀನು ನೆನಪಿಟ್ಟುಕೊಂಡಿದ್ದೀಯ ಅಂತ ನನಗೆ ಅನುಮಾನ. ಇಬ್ಬರೂ ಇದ್ದೆವು. ಪ್ರತಿ ವರ್ಷದ ಹಾಗೆ ಕುಬಾತ್ ನಮ್ಮನ್ನು, ಕುದುರೆಗಳು ನೀರು ಹಾರುವ ಹಾವಿನ ಹಳ್ಳದ ಹತ್ತಿರ ನಿಲ್ಲಲು ಹಾಕಿದ್ದ. "ಆಚೆ ದಡದಲ್ಲಿ ನಿಲ್ಲಿ, ಯಾರ್ಮಿಲ್ ಬಿದ್ರೆ ಕುದುರೆ ಹಿಡೀರಿ, ಅವನನ್ನ ಎತ್ತಿ ಕೂರಿಸಿ, ಅಳೋದು ಬಿಡೋದು ಆಮೇಲೆ" ಅಂದಿದ್ದ. ನಿನ್ನ ಹೆಗಲ ಮೇಲೆ ಹಗ್ಗ, ನನ್ನ ಜೇಬಿನಲ್ಲಿ ಕುದುರೆಗೆ ಸಕ್ಕರೆ. ನಮ್ಮ ಲಾಯದವರು ಇರುವುದೇ ಹಾಗಲ್ಲವಾ. ಬಿದ್ದವನನ್ನು ಮಲಗಿಸಬೇಕು ಅಂತ ನಮಗೆ ಯಾರು ಹೇಳಿಕೊಟ್ಟಿದ್ದರು? ಹೆಂಡದಂಗಡಿಯ ತೊಲೆಗೆ ಹೊಡೆದ ಲಾಳಗಳೆಲ್ಲ ಈ ಓಟದ ಕೊನೆ ಮುಟ್ಟಿದವರವು. ಎಷ್ಟನೆಯವನಾಗಿ ಮುಟ್ಟಿದ ಅಂತ ಯಾರೂ ಕೇಳುವುದಿಲ್ಲ, ಮುಟ್ಟಿದನಾ ಅಂತ ಮಾತ್ರ ಕೇಳುತ್ತಾರೆ. ನಿಮ್ಮಪ್ಪನ ಲಾಳ ಬಾಗಿಲಿನ ನೇರಕ್ಕೇ ಇದೆ.

ಅದಕ್ಕೂ ಮೊದಲು ಬರುವ, ಎಲ್ಲರೂ ಹೆದರುವ ದೊಡ್ಡ ಹಳ್ಳವನ್ನು ಯಿಸ್ಕ್ರಾ ಹಕ್ಕಿಯ ಹಾಗೆ ದಾಟಿದಳು ಅಂತ ಧ್ವನಿವರ್ಧಕದಲ್ಲಿ ಕೂಗಿದಾಗ ನೀನು ಉಸಿರು ಬಿಟ್ಟೆ. ನಾನೂ ಬಿಟ್ಟೆ. ಇನ್ನೇನು ಭಯ ಅಂದುಕೊಂಡೆವು. ಆಮೇಲೆ ಉತ್ತ ಹೊಲದ ಆಚೆಯಿಂದ ಅವರು ಬಂದರು, ಮುಂದೆ ಒಂದು ಗುಂಪು, ಹಿಂದೆ ನಮ್ಮವಳು. ನೀರು ದಾಟಿದಳು, ಮುಂಗಾಲು ನೆಲಕ್ಕೆ ಬಿತ್ತು, ಹಿಂಗಾಲು ಕೆಸರಿನಲ್ಲಿ ಜಾರಿತು. ಮಂಡಿಯೂರಿದಳು. ಯಾರ್ಮಿಲ್ ಅವಳ ತಲೆಯ ಮೇಲಿಂದ ಹೋಗಿ ಬಿದ್ದ. ಹಿಂದೆ ಬಂದ ಕುದುರೆಯ ಕಾಲು ತಗುಲಿತೋ ಇಲ್ಲವೋ, ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟಾಗ ಅವನು ತಾನೇ ಎದ್ದು ನಿಂತಿದ್ದ. ಮುಖದ ತುಂಬ ಕೆಸರು.

ನೀನು ಲಗಾಮು ಹಿಡಿದೆ. ಬೇಲಿಯ ಆಚೆ ನಿಂತ ಜನ, "ಹತ್ತಿಸಿ! ಹತ್ತಿಸಿ!" ಅಂತ ಕೂಗುತ್ತಿದ್ದರು. ಅವನು ನಿನ್ನನ್ನು, "ಯಾವ ಕಡೆಗೆ?" ಅಂತ ಕೇಳಿದ. ನೀನು ಕೈ ತೋರಿಸಿದೆ. ಆಮೇಲೆ ಅವನು ನನ್ನ ಕಡೆ ತಿರುಗಿ ಏನೋ ಅಂದ, ನಾನೂ ಏನೋ ಅಂದೆ, ನಕ್ಕೆ. ನೀನು ಅವನ ಮೊಣಕಾಲಿಗೆ ಕೈ ಕೊಟ್ಟು ಎತ್ತಿದೆ. ಹೊರಟೇ ಹೋದ.

ಕೊನೆ ಮುಟ್ಟಿದ ಅಂತ ಧ್ವನಿವರ್ಧಕದಲ್ಲಿ ಅವನ ಹೆಸರು ಬಂದಾಗ ನಾವು ಇನ್ನೂ ಹೊಲದ ನಡುವೆ ಇದ್ದೆವು. ನೀನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ, ನನ್ನ ಒಂದು ಬೂಟು ಕೆಸರಲ್ಲೇ ಉಳಿಯಿತು. ಅದನ್ನು ಕೀಳುತ್ತ ನಾವು ಎಷ್ಟು ನಕ್ಕೆವು! ಆ ಹೊತ್ತಿಗೆ ಅವನು ಓಟದ ನಿಯಮದ ಹಾಗೆ ಜೀನು ಹಿಡಿದು ತೂಕಕ್ಕೆ ನಿಂತು, ಆಮೇಲೆ ಬೆಂಚಿನ ಮೇಲೆ ಕೂತು, "ತಲೆ ನೋಯ್ತಿದೆ, ಸ್ವಲ್ಪ ನೀರು ಕೊಡಿ" ಅಂದನಂತೆ. ನೀರು ತರುವಷ್ಟರಲ್ಲಿ ಪಕ್ಕಕ್ಕೆ ವಾಲಿದನಂತೆ. ನಾವು ಬಂದಾಗ ಬೆಂಚು ಖಾಲಿ, ಆಂಬುಲೆನ್ಸ್ ಹೋಗಿಯಾಗಿತ್ತು. ಮತ್ತೆ ಅವನು ಕಣ್ಣು ಬಿಡಲಿಲ್ಲ.

"ಬಿದ್ದ ತಕ್ಷಣ ಮಲಗಿಸಿದ್ರೆ ಉಳೀತಿದ್ನಾ?" ಅಂತ ನಿಮ್ಮಮ್ಮ ಕೇಳಿದಾಗ ಡಾಕ್ಟರು ಕನ್ನಡಕ ಒರೆಸುತ್ತ ನಿಂತರು, ನೆನಪಿದೆಯಾ? "ಹೇಳೋಕಾಗಲ್ಲಮ್ಮ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು." ಆಗ ನೀನಾಗಿಯೇ ಮುಂದೆ ಬಂದು, ಅವನು ದಾರಿ ಕೇಳಿದ್ದನ್ನು ಹೇಳಿದೆ. ಆ ಓಟದ ದಾರಿ ಗಂಟಿನ ಹಾಗೆ ಸುತ್ತಿಕೊಂಡಿದೆ, ಯಾರಾದರೂ ಮರೆಯಬಹುದು ಅಂತ ನಾನು ಹೇಳಲು ಹೋದೆ. ನೀನು ಹೇಳಲು ಬಿಡಲಿಲ್ಲ. "ಅಣ್ಣ ಅಲ್ಲಿ ಹತ್ತು ವರ್ಷ ಓಡಿಸಿದ್ದಾನೆ ಅತ್ತಿಗೆ. ನಿದ್ದೇಲಿ ಕೇಳಿದ್ರೂ ಹೇಳ್ತಿದ್ದ. ತಲೆಗೆ ಪೆಟ್ಟಾಗಿದೆ ಅಂತ ನಂಗೆ ಆಗಲೇ ಗೊತ್ತಾಗ್ಬೇಕಿತ್ತು" ಅಂದೆ. ಆ ಮಾತು ಆಡಿದ ಮೇಲೆ ನೀನು ಯಾರ ಮುಖವನ್ನೂ ನೋಡಲಿಲ್ಲ.

ಈಗ ನಾನು ಹೇಳುವುದನ್ನು ಎರಡು ಸಲ ಓದು. ಅಣಬೆ ಸಾರಿನ ಮಾರನೆಯ ದಿನ ನಿಮ್ಮಮ್ಮ ಬಟಾಣಿ ಸುಲಿಯುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ನಿಮ್ಮಪ್ಪನ ಕಥೆ ತೆಗೆದರು. ಅದೇ ಹಳೆಯದು, ವೆಲ್ಕಾದಲ್ಲಿ ಮೂರು ಸಲ ಬಿದ್ದು ಮೂರು ಸಲ ಹತ್ತಿ ಕೊನೆ ಮುಟ್ಟಿದ್ದು. ಅರ್ಧಕ್ಕೆ ನಿಲ್ಲಿಸಿಬಿಟ್ಟರು. "ಈ ಕಥೆ ಹೇಳಿ ಹೇಳಿ ಇಬ್ರಿಗೂ ತುತ್ತು ತಿನ್ನಿಸಿದ್ದು ನಾನು ಕಣೇ ಬ್ಲಾಝೆನಾ. ಬಿದ್ರೆ ಏಳ್ಬೇಕು, ಎದ್ರೆ ಹತ್ಬೇಕು ಅಂತ. ಆ ಹುಡುಗ ಮೊಣಕಾಲಿಗೆ ಕೈ ಕೊಟ್ಟ ಅಷ್ಟೆ. ಹತ್ತಿಸಿದ್ದು ನಾನು" ಅಂದರು. ಮತ್ತೆ ಅಳಲೂ ಇಲ್ಲ, ಏನೂ ಇಲ್ಲ, ಬಟಾಣಿ ಸುಲಿಯುವುದಕ್ಕೆ ಹತ್ತಿದರು. ಎದ್ದು ಹೋಗುವಾಗ ಬೆನ್ನು ತಿರುಗಿಸಿಕೊಂಡೇ, "ಅವನ ಹಾಸಿಗೆ ಬಿಸಿಲಿಗೆ ಹಾಕು" ಅಂದರು. ಯಾರ ಹಾಸಿಗೆ ಅಂತ ನಾನು ಕೇಳಲಿಲ್ಲ. ನಿನ್ನದನ್ನು ಹಾಕಿದೆ.

ಊರಿನವರು ಇನ್ನೂ ಮಾತಾಡುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಹೆಂಡದಂಗಡಿಯವನು ನಿಮ್ಮಣ್ಣನ ಹೆಸರಿನ ಲಾಳ ಮಾಡಿಸಿ ತಂದು, "ಹೊಡೀಲಾ?" ಅಂತ ನನ್ನನ್ನು ಕೇಳಿದ. "ನಿನ್ನ ತಲೆಗೆ ಹೊಡ್ಕೋ" ಅಂದೆ. ಪಾಪ, ಅವನೇನು ಮಾಡಿದ. ಮಾರನೆಯ ದಿನ ಗಸಗಸೆ ರೊಟ್ಟಿ ಕೊಟ್ಟು ಬಂದೆ. ಲಾಳ ಅವನ ಮೇಜಿನೊಳಗೆ ಇದೆ, ನೀನು ಬಂದ ಮೇಲೆ ನೋಡೋಣ.

ಕರೆಯುತ್ತಿರುವುದು ಅದಕ್ಕಲ್ಲ. ಯಿಸ್ಕ್ರಾ ಈ ವರ್ಷ ಮತ್ತೆ ಓಡುತ್ತಾಳೆ. ಕುಬಾತ್ ಮುದುಕ ಪಕ್ಕದ ತೋಟದ ಲಾಯದ ಮಾತೌಶ್ ಅನ್ನುವವನನ್ನು ಹತ್ತಿಸುತ್ತಾನಂತೆ. ಒಳ್ಳೆಯ ಹುಡುಗನೇ, ಕೈ ಮೃದು. ಆದರೆ ಅವಳು ಅವನ ತೋಳು ಕಚ್ಚಿದ್ದಾಳೆ. ನಾನು ಕುಬಾತನ ಹತ್ತಿರ ಹೋಗಿ, "ಅವಳನ್ನ ಬಿಟ್ಟುಬಿಡು ಮಾವ, ಮರಿ ಹಾಕ್ಕೊಂಡು ಇರ್ಲಿ" ಅಂತ ಕೈ ಮುಗಿಯುವುದೊಂದು ಬಾಕಿ. ಅವನು, "ಕುದುರೆಗೆ ಹೋದ ವರ್ಷ ಅಂತ ಇರಲ್ಲ ಕಣಮ್ಮ" ಅಂದ. ಇರುತ್ತದೆ. ಲಾಯದ ಬಾಗಿಲು ಸದ್ದಾದರೆ ಅವಳು ಈಗಲೂ ಯಾರಿಗೋ ಕತ್ತು ಎತ್ತುತ್ತಾಳೆ. ನಾನು ಒಳಗೆ ಹೋದರೆ ಕತ್ತು ಇಳಿಸುತ್ತಾಳೆ. ನನಗೆ ಅವಮಾನವೂ ಆಗುತ್ತದೆ, ಅರ್ಥವೂ ಆಗುತ್ತದೆ.

ಓಟದ ದಿನ ನಾನು ಹಾವಿನ ಹಳ್ಳದ ಆಚೆ ದಡದಲ್ಲಿ ನಿಲ್ಲುತ್ತೇನೆ. ನಿಲ್ಲಲೇಬೇಕು. ಅವಳು ಸವಾರನನ್ನು ಕೆಡವಿ ಓಡಿದರೆ ನಿನ್ನ ಹತ್ತಿರ, ನನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಬರುವವಳಲ್ಲ. ಆದರೆ ಒಬ್ಬಳೇ ನನ್ನಿಂದಾಗದು. ಹಗ್ಗ ಹಿಡಿಯಲು ನೀನು ಬೇಕು. ಮಾತೌಶ್ ಬಿದ್ದರೆ ನೀನು ಕುದುರೆಯನ್ನು ಹಿಡಿದುಕೋ, ನಾನು ಅವನನ್ನು ಹುಲ್ಲಿನ ಮೇಲೆ ಕೂರಿಸುತ್ತೇನೆ. ಬೇಕಾದರೆ ಅವನ ಎದೆಯ ಮೇಲೆ ನಾನೇ ಕೂರುತ್ತೇನೆ. ಜನ ಕೂಗಲಿ, ಕುಬಾತ್ ಟೋಪಿ ಎಸೆದು ಕುಣಿಯಲಿ. ಆ ಹುಡುಗನಿಗೂ ಕಾಯುವವಳು ಎಲ್ಲೋ ಒಬ್ಬಳು ಇರುತ್ತಾಳೆ.

ಬರುತ್ತೀಯ ತಾನೇ? ಓಟದ ಹಿಂದಿನ ದಿನ, ಶನಿವಾರ ಸಂಜೆಯ ರೈಲಿಗೆ ಬಾ. ಗಡ್ಡ ಬಿಟ್ಟಿದ್ದರೆ ಬೋಳಿಸಿಕೊಂಡು ಬಾ, ನಿಮ್ಮಮ್ಮನಿಗೆ ಬೈಯಲು ಇನ್ನೊಂದು ನೆಪ ಸಿಗಬಾರದು. ಕಡುಬು ಮಾಡಿ ಇಟ್ಟಿರುತ್ತೇನೆ. ಕಾಡಿನಲ್ಲಿ ಮರ ಉರುಳುವಾಗ ಹುಷಾರಾಗಿರು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನಿನ್ನ ಮೇಲೆ ನನಗೆ ಕೋಪವಿದೆ, ಓಡಿಹೋದದ್ದಕ್ಕೆ ಮಾತ್ರ. ಬೇರೆ ಯಾವುದಕ್ಕೂ ಇಲ್ಲ.

ನಿನ್ನ ಅತ್ತಿಗೆ
ಬ್ಲಾಝೆನಾ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಆವತ್ತು ಅವನು ನನ್ನ ಕಡೆ ತಿರುಗಿ ಏನೋ ಅಂದ ಅಂತ ಮೇಲೆ ಬರೆದೆನಲ್ಲ, ಅದನ್ನು ನಾನು ಯಾರಿಗೂ ಹೇಳಿಲ್ಲ. ಮುಖದ ಕೆಸರು ಒರೆಸಿಕೊಂಡು, "ಯಾರಿಗಾದ್ರೂ ಕಾಯ್ತಾ ಇದ್ದೀರಾ ಮೇಡಂ?" ಅಂದ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಬಿದ್ದು ಎದ್ದವನು ತಮಾಷೆ ಮಾಡುತ್ತಾನೆ ಅಂದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲವಾ? ನಕ್ಕು, "ಹೌದು, ನನ್ನ ಗಂಡನಿಗೆ" ಅಂದೆ. ಅವನು ನನ್ನನ್ನು ನೋಡಿದ. "ಹಾಗಾದ್ರೆ ಸ್ವಲ್ಪ ಹಿಂದೆ ನಿಲ್ಲಿ, ಕುದುರೆ ಒದ್ದೀತು" ಅಂದ. ಮೂರನೆಯ ಮಾತು ಅನ್ನಲಿಲ್ಲ, ಸ್ಲಾವೆಕ್. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಅದನ್ನು ಬಿಟ್ಟವನಲ್ಲ.

ಅವಸರಕ್ಕೆ ಬಿಟ್ಟ ಅಂತ ಆಗ ಅಂದುಕೊಂಡೆ. ಆಮೇಲೆ ಆಸ್ಪತ್ರೆಯಲ್ಲಿ ನೀನು ದಾರಿಯ ವಿಷಯ ಹೇಳಿದೆ. ದಾರಿಯೇ ಗೊತ್ತಿರಲಿಲ್ಲ ಅಂದರೆ ನಾನು ಗೊತ್ತಿದ್ದೆನಾ? ಬೇಲಿಯ ಹತ್ತಿರ ನಿಂತ ಯಾರೋ ಹೆಂಗಸು ಅಂದುಕೊಂಡು ಕೇಳಿದನಾ? ಬೆಳಗಾದರೆ ಇದು, ಒಲೆ ಹಚ್ಚಿದರೆ ಇದು, ಬಸ್ಸಿಗೆ ನಿಂತರೆ ಇದು. ಸತ್ತದ್ದನ್ನು ಹೇಗೋ ತಡೆದುಕೊಂಡೆ, ಇದು ಮಾತ್ರ ನನ್ನ ಕೈಲಾಗುತ್ತಿಲ್ಲ.

ಅವನು ಜೀನಿನ ಮೇಲೆ ಕೂರುವಾಗ ನಿನ್ನ ತಲೆಯ ಮೇಲೆ ಬಾಗಿ, ಲಗಾಮು ಎಳೆದುಕೊಳ್ಳುತ್ತ ತುಟಿ ಅಲ್ಲಾಡಿಸಿದ. ಜನರ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ, ನೀನು ಅವನ ಎದೆಗೇ ತಾಗಿಕೊಂಡಿದ್ದೆ. ಕಾಗದದಲ್ಲಿ ಉತ್ತರ ಬರೆಯಬೇಡ, ಕಾಗದದಲ್ಲಿ ನೀನು ಒಳ್ಳೆಯ ಮಾತು ಬರೆದುಬಿಡುತ್ತೀಯ. ನನ್ನ ಎದುರು ನಿಂತು ಹೇಳು. ಸುಳ್ಳಾದರೆ ನಿನ್ನ ಕಿವಿ ಕೆಂಪಾಗುತ್ತದೆ.

"ದಾರೀಲಿದ್ದಾನೆ" ಅಂದನಾ?